ಕಲಿಯೋವರೆಗೆ ಬ್ರಹ್ಮವಿದ್ಯೆ: ನಿಮ್ಮನ್ನ ಕಲಿಯೋಕೆ ಹಚ್ಚಿದ್ದು ಏನು?

ಕುಂದವಾಡ_ನಡಿಗೆ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ನನಗೆ 34 ವರ್ಷ, ಒಂದು ಬಟ್ಟೆ ಅಂಗಡೀಲಿ ಲೆಕ್ಕ ಬರೀತೀನಿ. ಎರಡು ವರ್ಷದಲ್ಲಿ ಮೂರು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟೀನಿ: ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ, ಶೇರು ಮಾರುಕಟ್ಟೆ, ಗಿಟಾರ್. ಪೈಥಾನ್ ನಾಲ್ಕನೇ ಪಾಠಕ್ಕೆ ನಿಂತೈತೆ. ಶೇರಿಂದು ‘ನಮಸ್ಕಾರ ಸ್ನೇಹಿತರೇ’ ಅನ್ನೋತನಕ ನೋಡೀನಿ. ಗಿಟಾರ್ ಮೇಲೆ ಅಮ್ಮ ಟವಲ್ ಒಣಗ್ಹಾಕ್ತಾಳೆ.

ಈಗ ವಿಷಯ ಆ ಅಮ್ಮಂದೇ. 62 ವರ್ಷ, ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಓದೋಕೆ ಬರುತ್ತೆ, ಫೋನಲ್ಲಿ ಬರೆಯೋಕೆ ಬರ್ತಿರಲಿಲ್ಲ. ಕಲಿಸ್ತೀನಿ ಬಾ ಅಂತ ಎಷ್ಟು ಸಲ ಕರೆದ್ರೂ ‘ನಂಗ್ಯಾಕಪ್ಪ ಈಗ ಅದೆಲ್ಲ’ ಅಂತಿದ್ಲು. ಈ ಶ್ರಾವಣದಲ್ಲಿ ಓಣಿಯ ಭಜನೆ ಹೆಂಗಸರು ವಾಟ್ಸಾಪ್ ಗುಂಪು ಮಾಡಿ ಹಾಡು ಬರೆದು ಹಾಕೋಕೆ ಶುರು ಮಾಡಿದ್ರು. ಹಾಕೋರು ಒಬ್ಬರೇ, ಸಾಲಿಗೆ ಎರಡು ತಪ್ಪು. ‘ಹರನೆ’ ಹೋಗಿ ‘ಹಾರನೆ’, ‘ಗುರುವೆ’ ಹೋಗಿ ‘ಗರುವೆ’. ಅಮ್ಮ ವಾಯ್ಸ್ ಮೆಸೇಜಲ್ಲಿ ತಿದ್ದಿದ್ಲು. ಆ ಕಡೆಯಿಂದ ಉತ್ತರ ಬಂತು: ‘ಅಷ್ಟು ಗೊತ್ತಿದ್ರೆ ನೀವೇ ಬರೆದು ಹಾಕ್ರಿ.’

ಅವತ್ತು ರಾತ್ರಿ ಸೀರಿಯಲ್ ಬಿಟ್ಟು ಫೋನ್ ಹಿಡಿದು ಕೂತ್ಲು. ‘ಅಕ್ಕ’ ಅಂತ ಬರೆಯೋಕೆ ಎರಡು ‘ಕ’ ನಡುವೆ ‘್’ ಕೀಲಿ ಒತ್ತಬೇಕು ಅಂತ ತೋರಿಸಿದ್ದು ಒಂದೇ ಸಲ. ಅರ್ಕಾವತ್ತು ಮಾತ್ರ ಎರಡು ದಿನ ಕಾಡಿಸ್ತು. ‘ಸೂರ್ಯ’ದಲ್ಲಿ ಕಣ್ಣಿಗೆ ‘ಯ’ ಮೊದಲು ಕಾಣುತ್ತೆ, ರಕಾರ ಅದರ ಹಿಂದೆ ಬಾಲದ ಥರ ನಿಂತಿರುತ್ತೆ, ಆದ್ರೆ ಬೆರಳು ‘ರ’ವನ್ನೇ ಮೊದಲು ಒತ್ತಬೇಕು. ‘ಬಾಯಲ್ಲಿ ಹೇಳೋ ಹಂಗೆ ಒತ್ತು, ಕಣ್ಣಿಗೆ ಕಾಣೋ ಹಂಗಲ್ಲ’ ಅಂತ ಅವಳೇ ಕಂಡ್ಕೊಂಡ್ಲು. ಮೂರು ವಾರ ಆಗೋದ್ರೊಳಗೆ ಗುಂಪಿನ ಹಾಡೆಲ್ಲ ಅವಳೇ ಹಾಕ್ತಾಳೆ.

ನನ್ನ ಪ್ರಶ್ನೆ ಇಷ್ಟೆ. ದುಡ್ಡು, ಟೈಮು, ಇಂಟರ್ನೆಟ್ ಎಲ್ಲಾ ಇದ್ದು ನಾನು ಯಾಕೆ ಕಲೀಲಿಲ್ಲ? ನೀವು ಯಾರಾದ್ರೂ ವಯಸ್ಸಾದ ಮೇಲೆ ಏನಾದ್ರೂ ಕಲಿತಿದ್ರೆ, ನಿಮ್ಮನ್ನ ಕಲಿಯೋಕೆ ಹಚ್ಚಿದ್ದು ಏನು? ಸರ್ವಜ್ಞನ ವಚನ ಹಾಕಬ್ಯಾಡ್ರಿ, ಅದು ಅಂಗಡಿ ಕ್ಯಾಲೆಂಡರಲ್ಲೇ ಐತೆ.

ಲೇತು_ಮಾಮ (ಹರಿಹರ)

ನನ್ನನ್ನ ಹಚ್ಚಿದ್ದು ಹೊಟ್ಟೆ, ಬೇರೆ ಏನಿಲ್ಲ.

ಹತ್ತೊಂಬತ್ತಕ್ಕೆ ಕಾರ್ಖಾನೆ ಸೇರಿದವನು ನಾನು. ಮೊದಲ ಆರು ತಿಂಗಳು ನಮ್ಮ ಮಿಸ್ತ್ರಿ ಲೇತು, ಅಂದ್ರೆ ಲೋಹ ಕಡೆಯೋ ಯಂತ್ರ, ಮುಟ್ಟಿಸ್ಲಿಲ್ಲ. ಮೈಕ್ರೋಮೀಟರ್ ಕೈಗೆ ಕೊಟ್ಟು ದಿನಾ ಒಂದು ಡಬ್ಬಿ ತುಂಡು ಅಳೀತಾ ಕೂರು ಅಂದ. ತಿರುಗೋ ಟೋಪಿ ಮೇಲೆ ಐವತ್ತು ಗೆರೆ, ಒಂದು ಸುತ್ತಿಗೆ ಅರ್ಧ ಮಿಲಿಮೀಟರ್, ಅಂದ್ರೆ ಒಂದು ಗೆರೆಗೆ 0.01 ಮಿ.ಮೀ. ಬೈಕೋತಾ ಕಲಿತೆ. ಮುಂದೆ ನಾನಿದ್ದ ಕಾರ್ಖಾನೆ ಮುಚ್ಚಿದಾಗ ನನಗೆ 43, ಇಬ್ಬರು ಮಕ್ಕಳು, ಸೈಟಿನ ಸಾಲ. ಸಣ್ಣ ವರ್ಕ್‌ಶಾಪಿನವರು ‘ಸಿಎನ್‌ಸಿ ಬರುತ್ತಾ?’ ಅಂದ್ರು, ಅಂದ್ರೆ ಕಂಪ್ಯೂಟರ್ ನಡೆಸೋ ಲೇತು. ಬರುತ್ತೆ ಅಂತ ಸುಳ್ಳು ಹೇಳಿ ಬಂದೆ, ಹದಿನೈದು ದಿನ ಟೈಮು ಕೇಳಿದ್ದೆ.

ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದಕ್ಕೆ ಕೊಡೋ ಅಪ್ಪಣೆಗಳನ್ನ ಬರ್ಕೊಂಡೆ. ಜಿ00 ಅಂದ್ರೆ ಓಡು. ಜಿ01 ಅಂದ್ರೆ ಕೊರೀತಾ ನಡಿ. ಜಿ02 ಬಲಕ್ಕೆ ಕಮಾನು, ಜಿ03 ಎಡಕ್ಕೆ. ಎಕ್ಸ್ ಅಂದ್ರೆ ದಪ್ಪ, ಜೆಡ್ ಅಂದ್ರೆ ಉದ್ದ. ಜಿ01 ಹಾಕೋ ಜಾಗದಲ್ಲಿ ಜಿ00 ಹಾಕಿ ಒಂದು ಸಲ ಟೂಲನ್ನ ಸೀದಾ ಉಕ್ಕಿಗೆ ಗುದ್ದಿಸಿದೆ. ಆ ಸದ್ದು ಈಗಲೂ ಕಿವೀಲಿ ಐತೆ. ಮತ್ತೆ ಆ ತಪ್ಪು ಮಾಡ್ಲಿಲ್ಲ.

ಆದ್ರೆ ಒಂದು ಮಾತು. ಈಗ ನನಗೆ 66, ಹೊಟ್ಟೆಗೆ ತೊಂದರೆ ಇಲ್ಲ. ಮನೆ ಹಿಂದಿನ ಹಳೇ ಲೇತಲ್ಲಿ ಹಿತ್ತಾಳೆ ಬುಗುರಿ ಮಾಡ್ತೀನಿ. ಎಷ್ಟು ಹೊತ್ತು ನಿದ್ದೆ ಹೊಡೆಯುತ್ತೆ ಅಂತ ಗಡಿಯಾರ ಹಿಡಿದು ನೋಡೋದು, ಮೊಳೆ ಒಂದು ಕೂದಲೆಳೆ ಈ ಕಡೆ ಆ ಕಡೆ ಮಾಡೋದು. ಯಾರೂ ಮಾಡು ಅಂದಿಲ್ಲ, ಯಾರೂ ಕೊಂಡ್ಕೊಳ್ಳಲ್ಲ. ಹೊಟ್ಟೆ ಹಚ್ಚಿದ ವಿದ್ಯೆ ಹೊಟ್ಟೆ ತುಂಬಿದ ಮೇಲೂ ಯಾಕೆ ಬಿಡ್ಲಿಲ್ಲ, ಅದು ನನಗೂ ತಿಳಿದಿಲ್ಲ.

ಸೀಮೆಸುಣ್ಣ (ಚಳ್ಳಕೆರೆ)

ಲೇತು ಮಾಮ ಅವರ ಕೊನೆಯ ಮಾತು ಹಿಡಿದು ಹೇಳುತ್ತೇನೆ. ನಾನು ಹೈಸ್ಕೂಲು ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಶಾಲೆಯ ಗ್ರಂಥಾಲಯದಿಂದ ಪುಸ್ತಕ ಓದಿ ಮುಗಿಸಿದವರಿಗೆ ಒಂದೊಂದು ಪೆನ್ನು ಕೊಡುತ್ತಿದ್ದೆ. ಮೊದಲ ತಿಂಗಳು ಜಾತ್ರೆ. ಎರಡನೇ ತಿಂಗಳು ಗಮನಿಸಿದೆ, ಮಕ್ಕಳು ಕಪಾಟಿನಲ್ಲಿ ತೆಳ್ಳನೆಯ ಪುಸ್ತಕ ಹುಡುಕುತ್ತಿದ್ದರು. ಮೂರನೇ ತಿಂಗಳು ನನ್ನ ಜೇಬು ಬರಿದಾಗಿ ಪೆನ್ನು ನಿಲ್ಲಿಸಿದೆ, ಓದೂ ನಿಂತಿತು. ಮೊದಲಿನಿಂದ ಓದುತ್ತಿದ್ದ ಐದಾರು ಮಕ್ಕಳೂ ನಿಲ್ಲಿಸಿಬಿಟ್ಟವು. ನನಗೆ ನೋವಾಗಿದ್ದು ಅದಕ್ಕೆ.

ಆಮೇಲೆ ಓದಿ ತಿಳಿದೆ, ಇದು ಹಳೆಯ ಕಥೆ. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವವರು 51 ಪುಟ್ಟ ಮಕ್ಕಳ ಮೇಲೆ ಪ್ರಯೋಗ ಮಾಡಿದ್ದರು. ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದು ಆ ಮಕ್ಕಳಿಗೆ ಮೊದಲೇ ಇಷ್ಟ. ಒಂದು ಗುಂಪಿಗೆ ‘ಬರೆದರೆ ಪ್ರಶಸ್ತಿಪತ್ರ ಕೊಡ್ತೀವಿ’ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮತ್ತೊಂದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ತರಗತಿಯಲ್ಲಿ ಸುಮ್ಮನೆ ಇಟ್ಟು ನೋಡಿದರು. ಆಸೆ ತೋರಿಸಿದ ಗುಂಪು ಆಟದ ಹೊತ್ತಿನಲ್ಲಿ ಶೇಕಡಾ 8.6ರಷ್ಟನ್ನು ಮಾತ್ರ ಚಿತ್ರಕ್ಕೆ ಕೊಟ್ಟಿತು. ಏನೂ ಕೊಡದ ಗುಂಪು 16.7. ಅಂದರೆ ಬಹುಮಾನ ಆಟವನ್ನು ಕೂಲಿ ಮಾಡಿಬಿಟ್ಟಿತ್ತು. ನಾನು ಮಾಡಿದ್ದೂ ಅದನ್ನೇ.

ರೂಂ_ನಂಬರ್_ಏಳು (ದಾವಣಗೆರೆ)

ಸರ್, ನಿಮ್ಮ ಮಾತಿನಲ್ಲೇ ಉತ್ತರ ಇದೆ. ಆ ಮಕ್ಕಳಿಗೆ ಚಿತ್ರ *ಮೊದಲೇ ಇಷ್ಟ*. ಇಷ್ಟ ಇಲ್ಲದ್ದನ್ನ ಕಲಿಯೋರ ಗತಿ ಏನು? ನಾನು ಕೆಎಎಸ್‌ಗೆ ನಾಲ್ಕು ವರ್ಷದಿಂದ ಓದ್ತಿದೀನಿ. ಸಂವಿಧಾನದ ವಿಧಿಗಳನ್ನ ಪ್ರೀತಿಯಿಂದ ಬಾಯಿಪಾಠ ಮಾಡೋರು ಯಾರಾದ್ರೂ ಇದ್ರೆ ತೋರ್ಸಿ, ಕಾಲಿಗೆ ಬೀಳ್ತೀನಿ. ನೌಕರಿ ಆಸೆ ಇಲ್ದೆ ಹೋಗಿದ್ರೆ ನಾನು ಒಂದು ಪುಟ ತಿರುವ್ತಿರಲಿಲ್ಲ. ಆಟ, ಆನಂದ, ಕುತೂಹಲ ಎಲ್ಲ ರೂಂ ಬಾಡಿಗೆ ಕಟ್ಟೋ ಅಪ್ಪ ಇರೋತನಕ.

ಸೀಮೆಸುಣ್ಣ (ಚಳ್ಳಕೆರೆ)

ಒಪ್ಪಿದೆ. ಸಂಬಳ ತಗೊಂಡು ಆನಂದದ ಪಾಠ ಹೇಳುವುದು ಸುಲಭ. ಆದರೆ ಒಂದು ಕೇಳುತ್ತೇನೆ: ನಾಲ್ಕು ವರ್ಷ ಓದಿದ್ದರಲ್ಲಿ ಪರೀಕ್ಷೆಗೆ ಬೇಡದಿದ್ದರೂ ನಿಮ್ಮೊಳಗೆ ಉಳಿದದ್ದು ಏನಾದರೂ ಇದೆಯಾ?

ರೂಂ_ನಂಬರ್_ಏಳು (ದಾವಣಗೆರೆ)

ಒಂದೇ ಒಂದು. ‘ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ’ ಅಂತ ಅಶೋಕನ ಶಾಸನದ ಊರುಗಳನ್ನ ಬೆಳ್ಳುಳ್ಳಿ ಸುಲಿದ ಹಾಗೆ ಹೇಳ್ತಿದ್ದೆ. ನಮ್ಮ ಅಜ್ಜಿ ಊರು ಮೊಳಕಾಲ್ಮೂರು ತಾಲ್ಲೂಕು. ಮೂರೂ ಆ ತಾಲ್ಲೂಕಿನಲ್ಲೇ ಇವೆ ಅಂತ ಗೊತ್ತಿದ್ದೂ ಹೋಗಿ ನೋಡಿರಲಿಲ್ಲ. ಹೋದ ವರ್ಷ ಪ್ರಿಲಿಮ್ಸ್ ಕೈತಪ್ಪಿದ ಮೇಲೆ ತಲೆಕೆಟ್ಟು ಬ್ರಹ್ಮಗಿರಿಗೆ ಹೋದೆ. ಬಂಡೆ ಮುಂದೆ ನಿಂತಾಗ ಮೊದಲು ಬಂದ ಯೋಚನೆ: ‘ಇದು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು, ಒಂದು ಅಂಕ.’ ನನಗೇ ನಾಚಿಕೆ ಆಯ್ತು.

ಟಿಕೆಟ್_ಟಿಕೆಟ್ (ಚಿತ್ರದುರ್ಗ)

ಬ್ರಹ್ಮಗಿರಿ ಅಂದ್ರಲ್ಲ, ಇನ್ನು ನನ್ನ ಬಾಯಿ ಮುಚ್ಚಲ್ಲ. ನಾನು ಕಂಡಕ್ಟರ್. ಮಗಳು ಆರನೇ ಕ್ಲಾಸಲ್ಲಿದ್ದಾಗ ರಜಾ ದಿನ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಬೇಲಿ ಹಿಡ್ಕೊಂಡು ‘ಅಪ್ಪಾ, ಏನು ಬರೆದೈತೆ?’ ಅಂದ್ಲು. ‘ಅಶೋಕ ಬರೆಸಿದ್ದು ಕಣವ್ವ’ ಅಂದೆ. ‘ಯಾರು ಬರೆಸಿದ್ದು ಅಂತ ಕೇಳ್ಲಿಲ್ಲ, ಏನು ಬರೆದೈತೆ ಅಂದೆ.’ ನೋಡ್ರಿ, ದಿನಾ ನೂರಾರು ಜನಕ್ಕೆ ಉತ್ತರ ಹೇಳೋನು ನಾನು, ಬಾಯಿ ಕಟ್ತು. ವಾಪಸ್ ಬರೋವಾಗ ಬಸ್ಸಲ್ಲಿ ನಿದ್ದೆ ಹತ್ಲಿಲ್ಲ.

ಬ್ರಾಹ್ಮಿ ಅಕ್ಷರದ ಚಾರ್ಟು ಇಳಿಸ್ಕೊಂಡು ಪ್ರಿಂಟು ತೆಗೆಸಿ ಟಿಕೆಟ್ ಬ್ಯಾಗಲ್ಲಿ ಇಟ್ಕೊಂಡೆ. ಭಾಳ ಕಷ್ಟ ಅನ್ಕೊಂಡಿದ್ದೆ. ‘ಕ’ ಅಂದ್ರೆ ಲೆಕ್ಕದ ಕೂಡೋ ಗುರುತು. ‘ಗ’ ಗುಡಿಸಲ ಮಾಡು. ‘ಠ’ ಒಂದು ಸೊನ್ನೆ, ಅದರ ನಡುವೆ ಚುಕ್ಕೆ ಇಟ್ರೆ ‘ಥ’. ಕೊನೇ ಸ್ಟಾಪಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಲ್ಲ, ಅಷ್ಟರಲ್ಲಿ ದಿನಕ್ಕೆ ಎರಡು ಅಕ್ಷರ. ಒಂದು ತಿಂಗಳಿಗೆ ಅಕ್ಷರ ಕೂಡಿಸಿ ಓದ್ತಿದ್ದೆ. ಅರ್ಥ ಆಗ್ತಿರಲಿಲ್ಲ, ಯಾಕಂದ್ರೆ ಅದು ಪ್ರಾಕೃತ. ಆದ್ರೂ ಬಾಯಲ್ಲಿ ಹೊರಡ್ತಿತ್ತು. ಎರಡು ಸಾವಿರ ವರ್ಷಕ್ಕಿಂತ ಹಳೇ ಮಾತು ನನ್ನ ಬಾಯಲ್ಲಿ ಹೊರಡ್ತೈತೆ ಅನ್ನೋದೇ ಮೈ ಜುಂ ಅನ್ನಿಸ್ತಿತ್ತು.

ಈ ಲಿಪಿ ಮೊದಲು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕಥೆ ಗೊತ್ತಾ? ಕಲ್ಕತ್ತದ ಟಂಕಸಾಲೆ ಅಧಿಕಾರಿ. ಲಿಪಿ ಓದೋದು ಅವನ ಕೆಲಸ ಅಲ್ವೇ ಅಲ್ಲ. ಸಾಂಚಿಯ ಕಂಬಗಳ ಮೇಲಿನ ಸಣ್ಣ ಸಣ್ಣ ಬರಹಗಳೆಲ್ಲ ಒಂದೇ ಅಕ್ಷರಗಳಲ್ಲಿ ಮುಗಿಯೋದನ್ನ ಗಮನಿಸಿದ. ಗುಡಿಗೆ ಕೊಟ್ಟೋರು ಕಲ್ಲಿನ ಮೇಲೆ ಏನು ಬರೆಸ್ತಾರೆ? ನಮ್ಮೂರ ಗುಡಿ ಟ್ಯೂಬ್‌ಲೈಟ್ ಮೇಲೂ ಬರೆಸ್ತಾರಲ್ಲ, ಅದೇ. ‘ದಾನಂ’! ಆ ಒಂದು ಮಾತಿನ ಎಳೆ ಹಿಡಿದು 1837ರಲ್ಲಿ ಇಡೀ ಲಿಪಿ ಬಿಡಿಸಿದ.

ಇನ್ನೊಂದು ಐತೆ. ನಮ್ಮ ಶಾಸನ ಬರೆದ ಲಿಪಿಕಾರನ ಹೆಸರು ಚಪಡ. ಇಡೀ ಬರಹ ಬ್ರಾಹ್ಮೀಲಿ ಬರೆದು, ಕೊನೇಲಿ ‘ಲಿಪಿಕಾರ’ ಅನ್ನೋ ಪದ ಮಾತ್ರ ಖರೋಷ್ಠೀಲಿ ಬರೆದವ್ನೆ. ಅದು ವಾಯವ್ಯದ ಕಡೆ ಲಿಪಿ, ಬಲದಿಂದ ಎಡಕ್ಕೆ. ಮೊಳಕಾಲ್ಮೂರು ಸೀಮೇಲಿ ಅದನ್ನ ಓದೋರು ಯಾರಿದ್ರು? ‘ನಂಗೆ ಇದೂ ಬರುತ್ತೆ’ ಅಂತ ತೋರಿಸ್ಕೊಳ್ಳೋ ಚಪಲ ಅಲ್ದೆ ಇನ್ನೇನು ಅಂತ ನನ್ನ ಅನಿಸಿಕೆ. ವಿದ್ವಾಂಸರು ಏನಂತಾರೋ. ನಾನೂ ಬಸ್ಸಲ್ಲಿ ಪರಿಚಯದೋರು ಸಿಕ್ಕಿದ್ರೆ ಟಿಕೆಟ್ ಹಿಂದೆ ಅವರ ಹೆಸರು ಬ್ರಾಹ್ಮೀಲಿ ಬರೆದು ಕೊಡ್ತೀನಿ, ಅದಕ್ಕೇ ಹೇಳ್ತಿರೋದು.

ಸೀಮೆಸುಣ್ಣ (ಚಳ್ಳಕೆರೆ)

ಅದೇ ಶಾಸನದಲ್ಲಿ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತೂ ಇದೆ. ಅದನ್ನೂ ಮಗಳಿಗೆ ಓದಿ ಹೇಳಿ, ನಮಗೂ ಸ್ವಲ್ಪ ಉಪಕಾರವಾದೀತು.

ಮೂವತ್ತು_ಗುಂಟೆ (ಹೊಳಲ್ಕೆರೆ)

ನಿಮ್ದೆಲ್ಲ ಚಂದದ ಕಥೆ. ನಾನು ಕಲಿತದ್ದು ಸಿಟ್ಟಿಗೆ.

ಅಪ್ಪ ಹೋದ ಮೇಲೆ ಜಮೀನು ಖಾತೆ ಮಾಡಿಸೋಕೆ ಒಬ್ಬ ದಲ್ಲಾಳಿ ಕೈಗೆ ಕಾಗದ ಕೊಟ್ಟೆ. ಒಂದೂವರೆ ವರ್ಷ ಅಲೆದಾಡಿಸಿ, ದುಡ್ಡು ತಿಂದು, ಕೊನೆಗೆ ಪಹಣಿ ತಂದುಕೊಟ್ಟ. ಎಲ್ಲಾ ಸರಿ ಐತೆ ಅಂದ. ನಾನು ಪಿಯುಸಿ ಓದಿದೋನು, ಆದ್ರೂ ಆ ಹಾಳೆ ನೋಡಿದ್ರೆ ಕಾಡು ನೋಡಿದಂಗೆ ಆಗ್ತಿತ್ತು. ಆರು ತಿಂಗಳು ಬಿಟ್ಟು ಸಾಲಕ್ಕೆ ಹೋದಾಗ ಗೊತ್ತಾಯ್ತು, 11ನೇ ಕಾಲಂನಲ್ಲಿ ಅಪ್ಪನ ಹಳೇ ಸಾಲ ಹಂಗೇ ಕೂತಿತ್ತು. ಯಾವತ್ತೋ ತೀರಿಸಿದ ಸಾಲ ಅದು. ಅವತ್ತು ಮನೆಗೆ ಬಂದು ಹೆಂಡ್ತಿ ಹತ್ರ ಮಾತೇ ಆಡ್ಲಿಲ್ಲ.

ಮಾರನೇ ದಿನದಿಂದ ಕಲಿಯೋಕೆ ಕೂತೆ. 9ರಲ್ಲಿ ಯಾರ ಹೆಸರು, 10ರಲ್ಲಿ ಅವನಿಗೆ ಹೆಂಗೆ ಬಂತು, 11ರಲ್ಲಿ ಋಣ, 12ರಲ್ಲಿ ಸಾಗುವಳಿ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಇದು ಅಜ್ಜನಿಂದಲೇ ಬಂದಿತ್ತು. ಆಕಾರ್‌ಬಂದ್, ಟಿಪ್ಪಣಿ, ಮ್ಯುಟೇಶನ್ ಅನ್ನೋ ಜಮೀನಿನ ಕಾಗದ ಎಲ್ಲ ಒಂದೊಂದಾಗಿ ಬಿಡಿಸ್ಕೊಂಡೆ. ಈಗ ನಮ್ಮೂರಲ್ಲಿ ಯಾರ ಮನೇಲಿ ಪಹಣಿ ಬಂದ್ರೂ ಮೊದಲು ನನ್ನ ಹತ್ರ ಓದಿಸ್ತಾರೆ. ಚಹಾ ಕೊಡ್ತಾರೆ, ಕುಡೀತೀನಿ, ದುಡ್ಡು ಮುಟ್ಟಲ್ಲ. ದುಡ್ಡು ಮುಟ್ಟಿದ್ರೆ ನಾನೂ ಅವನೇ ಆಗ್ತೀನಿ.

ರೂಂ_ನಂಬರ್_ಏಳು (ದಾವಣಗೆರೆ)

ಸಿಟ್ಟಿನ ಕೇಸು ನಮ್ಮ ಸಿಲಬಸ್ಸಲ್ಲೂ ಇದೆ ಅಣ್ಣಾ. ಕದಂಬ ವಂಶ ಕಟ್ಟಿದ ಮಯೂರಶರ್ಮ ಕಂಚಿಯ ಘಟಿಕಾಸ್ಥಾನಕ್ಕೆ ವೇದ ಓದೋಕೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನಿಂದ ಅವಮಾನ ಆಗಿ, ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡಿದ ಅಂತ ತಾಳಗುಂದ ಶಾಸನ ಹೇಳುತ್ತೆ. ಅವನದೇ ಶಾಸನ ನಮ್ಮ ಚಂದ್ರವಳ್ಳೀಲೂ ಇದೆ, ಕೆರೆ ವಿಷಯದ್ದು.

ಮೂವತ್ತು_ಗುಂಟೆ (ಹೊಳಲ್ಕೆರೆ)

ಅವನು ರಾಜ ಆದ. ನಾನು ಪಹಣಿ ಓದೋನು ಆದೆ. ಇರ್ಲಿ ಬಿಡು, ಕೆರೆ ಕಟ್ಟಿಸಿದ್ನಲ್ಲ, ಒಳ್ಳೇದಾಯ್ತು.

ಮಂಡಕ್ಕಿ_ಮಿರ್ಚಿ (ದಾವಣಗೆರೆ)

ಇಷ್ಟುದ್ದ ಯಾಕ್ರೀ ಬರೀತೀರಿ? ದುರ್ಗದ ಕೋಟೆ ಗೋಡೆ ಹತ್ತೋ ಕೋತಿರಾಜ್ ಅವರನ್ನ ನೋಡ್ರಿ. ಯಾವ ಕೋಚಿಂಗೂ ಇಲ್ಲ, ಕೋತಿಗಳನ್ನ ನೋಡಿ ಕಲಿತೆ ಅಂತಾರೆ. ‘ಕಲಿಯೋವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ’ ಅನ್ನೋ ಗಾದೆ ಅವರಿಗೆ ಮಾತ್ರ ಅಕ್ಷರಶಃ ನಿಜ.

ಸೂಜಿ_ದಾರ (ಚಿತ್ರದುರ್ಗ)

ಇಲ್ಲಿ ಎಲ್ರೂ ಏನು ಹಚ್ಚಿತು ಅಂತ ಬರೀತಿದೀರ. ನಾನು ಏನು ತಡೀತು ಅಂತ ಬರೀತೀನಿ, ಯಾಕಂದ್ರೆ ನನ್ನ ವಿಷಯದಲ್ಲಿ ಆಸೆ ಹದಿನೈದು ವರ್ಷದಿಂದ ಇತ್ತು.

ನಾನು ಟೈಲರ್. ಬಟ್ಟೆ ತರೋಕೆ, ಕೊಡೋಕೆ ಆಟೋಗೆ ಸುರೀತಿದ್ದೆ. ಸ್ಕೂಟಿ ಮನೇಲೇ ಇತ್ತು, ಮಗಂದು. ಯಜಮಾನ್ರು ಯಾವತ್ತೂ ಬ್ಯಾಡ ಅಂದಿಲ್ಲ, ‘ಬಿದ್ದೀಯ’ ಅಂತಿದ್ರು ಅಷ್ಟೆ. ಅತ್ತೆ ಗಾದೆ ಹೇಳ್ತಿದ್ರು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ. ನನಗೆ ಬೀಳೋ ಭಯ ಇರಲಿಲ್ಲ ಕಣ್ರಿ. ಬಿದ್ದಾಗ ರಸ್ತೇಲಿ ನೋಡಿ ನಗ್ತಾರಲ್ಲ, ಅದರ ಭಯ. ನಲವತ್ತೈದರ ಹೆಂಗಸು ಸೀರೆ ಸಿಕ್ಕಿಸ್ಕೊಂಡು ಬಿದ್ರೆ ಇಡೀ ಬಡಾವಣೆಗೆ ಒಂದು ವಾರದ ಮಾತು.

ಪಕ್ಕದ ಮನೆ ಹುಡುಗಿ, ನನ್ನ ಹತ್ರ ಬ್ಲೌಸ್ ಕಟಿಂಗ್ ಕಲೀತಿದ್ಲು, ‘ಆಂಟಿ, ಬೆಳಿಗ್ಗೆ ಐದೂವರೆಗೆ ಗ್ರೌಂಡಲ್ಲಿ ಯಾರಿರ್ತಾರೆ?’ ಅಂದ್ಲು. ಅಷ್ಟೇ ರೀ ಅವಳು ಕೊಟ್ಟ ಪಾಠ. ಹನ್ನೆರಡು ದಿನ ಕತ್ತಲಲ್ಲಿ ಹೋದ್ವಿ. ನಾಲ್ಕು ಸಲ ಬಿದ್ದೆ, ನೋಡಿದ್ದು ಅವಳು ಮತ್ತೆ ಎರಡು ನಾಯಿ. ಹದಿಮೂರನೇ ದಿನ ಸೀದಾ ಗಾಂಧಿ ವೃತ್ತದತನಕ ಹೋಗಿ ಬಂದೆ.

ತಮಿಳುನಾಡಿನ ಪುದುಕೋಟೈಲಿ 1990ರ ದಶಕದ ಶುರುವಿಗೆ ಸಾಕ್ಷರತೆ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರಂತೆ, ಗುಂಪುಗುಂಪಾಗಿ. ಓದಿ ಅನ್ನಿಸ್ತು, ನಾನು ಕತ್ತಲಲ್ಲಿ ಮಾಡಿದ್ದನ್ನ ಅವರು ಹಗಲಲ್ಲಿ ಮಾಡಿದ್ರು. ಎಲ್ರೂ ಬೀಳೋವಾಗ ನಗೋರು ಯಾರು? ಅತ್ತೆ ಗಾದೆಗೆ ಉತ್ತರ ಕೇರಳದಲ್ಲಿ ಸಿಕ್ತು. ಕಾರ್ತ್ಯಾಯಿನಿ ಅಮ್ಮ, 2018ರಲ್ಲಿ 96ನೇ ವಯಸ್ಸಿಗೆ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ತಗೊಂಡ್ರು. ಅತ್ತೆಗೆ ಫೋಟೋ ತೋರಿಸಿದೆ. ‘ಇನ್ನೆರಡು ಎಲ್ಲಿ ಹೋಯ್ತಂತೆ?’ ಅಂದ್ರು.

ಲೇತು_ಮಾಮ (ಹರಿಹರ)

ಅತ್ತೆಯವರು ನಮ್ಮ ಮಿಸ್ತ್ರಿ ವಂಶದೋರಿರಬೇಕು.

ಶಿವಗಂಗೋತ್ರಿ_ಬೆಂಚು (ದಾವಣಗೆರೆ)

ಮನಃಶಾಸ್ತ್ರ ಓದ್ತಿದೀನಿ, ಹಾಗಾಗಿ ಎರಡು ಮಾತು. ಜಾರ್ಜ್ ಲೋವೆನ್‌ಸ್ಟೀನ್ ಅನ್ನೋರು 1994ರಲ್ಲಿ ಕುತೂಹಲದ ಬಗ್ಗೆ ಬರೆದದ್ದು ಈ ಚರ್ಚೆಗೆ ಸರಿಯಾಗಿ ಕೂರುತ್ತೆ. ಗೊತ್ತಿರೋದಕ್ಕೂ ಗೊತ್ತಾಗಬೇಕು ಅನ್ನಿಸೋದಕ್ಕೂ ನಡುವಿನ ಬಿರುಕು ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತೆ ಅಂತ. ಏನೂ ಗೊತ್ತಿಲ್ಲದವನಿಗೆ ಬಿರುಕು ಕಾಣೋದೇ ಇಲ್ಲ, ಬರೀ ಕತ್ತಲೆ. ಕುಂದವಾಡದವರೇ, ನಿಮ್ಮ ಅಮ್ಮನಿಗೆ ಹಾಡು ಗೊತ್ತಿತ್ತು, ಅಕ್ಷರ ಗೊತ್ತಿತ್ತು, ತಪ್ಪು ಯಾವುದು ಅಂತಲೂ ಗೊತ್ತಿತ್ತು. ಉಳಿದದ್ದು ಬೆರಳಿನ ಕೆಲಸ ಮಾತ್ರ. ನಿಮ್ಮ ಪೈಥಾನ್‌ನಲ್ಲಿ ಬಿರುಕು ಎಲ್ಲಿತ್ತು? ನಿಮಗೆ ಅದರಿಂದ ಆಗಬೇಕಾದ ಕೆಲಸ ಯಾವುದಿತ್ತು?

ಎರಡನೇದು, ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಅನ್ನೋರ ಸಿದ್ಧಾಂತ. ಮನಸಾರೆ ಕಲಿಯೋಕೆ ಮೂರು ಬೇಕು ಅಂತಾರೆ: ತಾನೇ ಆರಿಸಿಕೊಂಡೆ ಅನ್ನೋ ಭಾವ, ಕೈಗೂಡ್ತಿದೆ ಅನ್ನೋ ಹುರುಪು, ಜೊತೆಗೆ ಯಾರೋ ಇದ್ದಾರೆ ಅನ್ನೋ ನಂಟು. ಸೂಜಿದಾರ ಅಕ್ಕನ ಗ್ರೌಂಡಲ್ಲಿ ಮೂರೂ ಇದ್ವು.

ಲೇತು_ಮಾಮ (ಹರಿಹರ)

ಮೈಕ್ರೋಮೀಟರ್ ಕೊಟ್ಟು ಕೂರಿಸಿದಾಗ ನಾನು ಏನೂ ಆರಿಸ್ಕೊಂಡಿರಲಿಲ್ಲ ತಮ್ಮಾ. ಬೈಕೋತಾ ಕಲಿತದ್ದೇ ಇವತ್ತಿಗೂ ಕೈಯಲ್ಲಿರೋದು. ನಿನ್ನ ಪುಸ್ತಕಕ್ಕೆ ಇದನ್ನೂ ಸೇರಿಸು.

ಶಿವಗಂಗೋತ್ರಿ_ಬೆಂಚು (ದಾವಣಗೆರೆ)

ಸೇರಿಸ್ತೀನಿ ಮಾಮ. ಆದ್ರೆ ಬುಗುರಿ ಮಾಡು ಅಂತ ಯಾರೂ ಹೇಳಿಲ್ಲ ಅಂದ್ರಲ್ಲ, ಅದನ್ನ ಎಲ್ಲಿ ಸೇರಿಸ್ಲಿ?

ಲೇತು_ಮಾಮ (ಹರಿಹರ)

ಹರಿಹರಕ್ಕೆ ಬಾ. ಒಂದು ತಗೊಂಡು ಹೋಗು, ಆಮೇಲೆ ಯೋಚನೆ ಮಾಡು.

ಮಂಡಕ್ಕಿ_ಮಿರ್ಚಿ (ದಾವಣಗೆರೆ)

ನಂದೂ ಒಂದು ಐತೆ, ಹೇಳಿರಲಿಲ್ಲ. ಪುಣೇಲಿ ಎರಡು ವರ್ಷ ಕೆಲಸಕ್ಕಿದ್ದೆ. ಅಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಅಂತ ಬೋರ್ಡು ಹಾಕಿ ಎಣ್ಣೆಯಲ್ಲಿ ಸುಟ್ಟ ರಟ್ಟು ಕೊಟ್ರು. ಉರಿದುಹೋಯ್ತು. ಅಮ್ಮನಿಗೆ ಫೋನ್ ಹಚ್ಚಿ ಹಿಟ್ಟು ಕಲಿತೆ. ಅಕ್ಕಿ, ಉದ್ದು, ಜೊತೆಗೆ ನೆನೆಸಿದ ಮಂಡಕ್ಕಿ. ಮೂರು ಸಲ ಹುಳಿ ಬಂದು ಚೆಲ್ಲಿದೆ. ನಾಲ್ಕನೇ ಸಲ ತಿನ್ನೋ ಹಂಗಾಯ್ತು. ಸೌದೆ ಒಲೆ ಇಲ್ಲದ್ದಕ್ಕೆ ಆ ವಾಸನೆ ಮಾತ್ರ ಬರ್ಲಿಲ್ಲ.

ಕುಂದವಾಡ_ನಡಿಗೆ (ದಾವಣಗೆರೆ)

ನಾಲ್ಕು ದಿನ ಬಿಟ್ಟು ಬರ್ತಿದೀನಿ, ಅಂಗಡೀಲಿ ವರ್ಷದ ಸ್ಟಾಕ್ ಲೆಕ್ಕ ಇತ್ತು.

ಬೆಂಚಿನವರು ಕೇಳಿದ ಪ್ರಶ್ನೆ ತಲೆ ತಿಂತು. ಪೈಥಾನಿಂದ ನನಗೆ ಆಗಬೇಕಾದ ಕೆಲಸ ಒಂದೂ ಇರಲಿಲ್ಲ. ಬೆಂಗಳೂರಲ್ಲಿರೋ ಭಾವಮೈದ ಹಬ್ಬಕ್ಕೆ ಬಂದಾಗ ‘ಅಪ್‌ಡೇಟ್ ಆಗ್ಬೇಕು ಭಾವ’ ಅಂದಿದ್ದ, ಅದಕ್ಕೆ ಕಟ್ಟಿದ ದುಡ್ಡು ಅದು. ಈ ಸಲ ಸ್ಟಾಕ್ ಲೆಕ್ಕದಲ್ಲಿ ಒಂದೇ ಸೀರೆಗೆ ಮೂರು ಕೋಡ್ ನಂಬರ್ ಬಿದ್ದು ರಾತ್ರಿ ಹನ್ನೊಂದರ ತನಕ ಕೂತಿದ್ದೆ. ಹದಿನಾಲ್ಕು ಸಾವಿರ ಸಾಲುಗಳಲ್ಲಿ ಎರಡು ಸಲ ಬಂದದ್ದನ್ನ ಹುಡುಕೋದು ಹೆಂಗೆ ಅಂತ ಬೈಕೋತಾ ನಾಲ್ಕನೇ ಪಾಠದಿಂದ ಮುಂದಕ್ಕೆ ಹೋದೆ. ಆರನೇದರಲ್ಲಿ ಇದೀನಿ. ಇನ್ನೂ ಸರಿ ಬಂದಿಲ್ಲ, ಏನೋ ಕೆಂಪು ಅಕ್ಷರದಲ್ಲಿ ಬೈಯ್ಯುತ್ತೆ. ಗಿಟಾರ್ ಮಾರೋಕೆ ಇಟ್ಟೀನಿ, ಬೇಕಾದೋರು ಕೇಳ್ರಿ.

ಈ ಚರ್ಚೆ ಅಮ್ಮನಿಗೆ ಓದೋಕೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಮೊದಲಿಂದ ಕೊನೇತನಕ ಓದಿದ್ಲು. ಟೈಲರಮ್ಮನ ಅತ್ತೆ ಮಾತಿಗೆ ನಕ್ಕಳು. ಪಹಣಿ ಅಣ್ಣನ ಕಥೆಗೆ ‘ಪಾಪ’ ಅಂದ್ಲು. ನಿನ್ನ ಬಗ್ಗೆ ಬರೆದದ್ದು ಹೆಂಗಿದೆ ಅಂತ ಕೇಳಿದೆ. ಫೋನ್ ನನ್ನ ಮುಂದೆ ಹಿಡಿದು ನನ್ನ ಮೊದಲನೇ ಬರಹದ ಒಂದು ಸಾಲಿನ ಮೇಲೆ ಬೆರಳಿಟ್ಲು.

‘ಅರ್ಕಾವತ್ತು ಅಲ್ಲೋ, ಅರ್ಕಾವೊತ್ತು. ತಿದ್ದೋಕೆ ಎಲ್ಲಿ ಒತ್ತಬೇಕು, ತೋರ್ಸು.’